ಅಂಟು ಹಾಕಿದ ಗೋಪುರ

ಮಗಳನ್ನು ವರ್ಷದ ನಡುವೆಯೇ ಪ್ರೀಸ್ಕೂಲಿನಿಂದ ಬಿಡಿಸಿದ ಮೇಲೆ ಅನೇಕರು ಕಾರಣ ಕೇಳಿದ್ದಾರೆ. ಮಿಸ್ ಹೊಡೆದಿರಬೇಕು, ಗದರಿರಬೇಕು ಎಂದು ಕೆಲವರು ಊಹಿಸಿಯೂ ಬಿಟ್ಟಿದ್ದಾರೆ. ಅಂಥದ್ದೇನೂ ನಡೆದಿಲ್ಲ. ಕಟ್ಟಡ ಚೊಕ್ಕಟವಾಗಿತ್ತು, ಆಯಾ ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದರು, ಮಗುವೂ ಅಳದೆಯೇ ಹೋಗುತ್ತಿತ್ತು. ನನ್ನ ತಕರಾರು ಇಷ್ಟೇ: ಮಾಂಟೆಸೊರಿ ಪದ್ಧತಿಯಲ್ಲಿ ಕಲಿಸುತ್ತೇವೆಂದು ಹೇಳಿ ಮಕ್ಕಳನ್ನು ಸೇರಿಸಿಕೊಂಡ ಆ ಶಾಲೆ, ಪದ್ಧತಿಯನ್ನು ಬಂದವರಿಗೆ ತೋರಿಸುವ ಅಲಂಕಾರವಾಗಿ ಮಾತ್ರ ಇಟ್ಟುಕೊಂಡಿತ್ತು.

ಆ ಹೆಸರಿನ ಹಿಂದೆ ಒಂದು ಗಂಭೀರವಾದ ವಿಚಾರವಿದೆ. ವೈದ್ಯೆಯಾಗಿದ್ದ ಮರಿಯಾ ಮಾಂಟೆಸೊರಿ 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು ತೆರೆದರು. ಪುಟ್ಟ ಮಕ್ಕಳು ತಾವೇ ಆರಿಸಿಕೊಂಡ ಕೆಲಸದಲ್ಲಿ ಬಹಳ ಹೊತ್ತು ಮುಳುಗಿರಬಲ್ಲರು ಎಂಬುದನ್ನು ಅವರು ಅಲ್ಲಿ ಗಮನಿಸಿದರು. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿರುವುದು, ಸುಮಾರು ಮೂರು ಗಂಟೆ ಯಾರೂ ಅಡ್ಡಿಪಡಿಸದಿರುವುದು, ಶಿಕ್ಷಕಿ ಹೆಚ್ಚು ನೋಡಿ ಕಡಿಮೆ ಮಾತನಾಡುವುದು, ಇವೆಲ್ಲ ಆ ಗಮನಿಕೆಯಿಂದಲೇ ಬೆಳೆದವು. ಸಲಕರಣೆಗಳೂ ಹಾಗೆಯೇ. ಮರದ ದಿಮ್ಮಿಯೊಂದರಲ್ಲಿ ಹತ್ತು ಕುಳಿಗಳು, ಅವುಗಳಿಗೆ ಸರಿಹೊಂದುವ ಹತ್ತು ಉರುಳೆಗಳು, ಪ್ರತಿ ಉರುಳೆಯ ತಲೆಯ ಮೇಲೊಂದು ಪುಟ್ಟ ಗುಬಟು. ದಪ್ಪ ಕುಳಿಯಲ್ಲಿ ಸಣ್ಣದನ್ನು ಕೂರಿಸಿದರೆ ಕೊನೆಗೊಂದು ಉರುಳೆ ಎಲ್ಲಿಯೂ ಹಿಡಿಸದೆ ಕೈಯಲ್ಲೇ ಉಳಿಯುತ್ತದೆ. ಮಗು ಎಲ್ಲವನ್ನೂ ತೆಗೆದು ಮತ್ತೆ ಜೋಡಿಸುತ್ತದೆ. ತಪ್ಪಾಯಿತೆಂದು ಹೇಳುವುದಕ್ಕೆ ಯಾರೂ ಬೇಕಾಗಿಲ್ಲ. ಆ ಗುಬಟನ್ನು ಮೂರು ಬೆರಳುಗಳಲ್ಲಿ ಹಿಡಿದೂ ಹಿಡಿದೂ, ಮುಂದೆ ಪೆನ್ಸಿಲ್ ಹಿಡಿಯುವುದಕ್ಕೆ ಬೇಕಾದ ಹದ ಕೈಗೆ ತಾನಾಗಿಯೇ ಬರುತ್ತದೆ.

ಮಗಳ ಶಾಲೆಯಲ್ಲಿ ಈ ಉರುಳೆಗಳಿದ್ದವು, ಗಾಜಿನ ಬಾಗಿಲಿನ ಕಪಾಟಿನೊಳಗೆ. ಕಪಾಟಿನ ಪಕ್ಕದಲ್ಲೇ ಗುಲಾಬಿ ಗೋಪುರವೂ ಇತ್ತು; ಹತ್ತು ಸೆಂಟಿಮೀಟರ್ ಘನದಿಂದ ಒಂದು ಸೆಂಟಿಮೀಟರ್ ಘನದವರೆಗೆ ಒಂದರ ಮೇಲೊಂದು ಪೇರಿಸಬೇಕಾದ ಸಲಕರಣೆ ಅದು. ಪೋಷಕರ ಸಭೆಯ ದಿನ ಮಗಳು ತುದಿಯ ಪುಟ್ಟ ಘನವನ್ನು ತೆಗೆಯಲು ಹೋದಳು, ಅದು ಬರಲಿಲ್ಲ. ನಾನು ಮುಟ್ಟಿ ನೋಡಿದೆ: ಹತ್ತನ್ನೂ ಅಂಟಿಸಿಬಿಟ್ಟಿದ್ದರು! ಬೀಳುತ್ತಿರುತ್ತದೆ, ಚೂರುಗಳು ಕಳೆದುಹೋಗುತ್ತವೆ ಎಂದು ಮಿಸ್ ವಿವರಣೆ ಕೊಟ್ಟರು. ಬೀಳುವುದರಲ್ಲೇ ಮಗು ಕಲಿಯಬೇಕಾದದ್ದೆಲ್ಲ ಇತ್ತು.

ಹಾಗಾದರೆ ಬೆಳಗಿನ ಹೊತ್ತೆಲ್ಲ ಮಕ್ಕಳು ಏನು ಮಾಡುತ್ತಿದ್ದರು? ಚುಕ್ಕಿಗಳ ಮೇಲೆ ಅಕ್ಷರ ತಿದ್ದುತ್ತಿದ್ದರು. ಎಲ್ಲರಿಗೂ ಒಂದೇ ಹಾಳೆ, ಎಲ್ಲರೂ ಒಟ್ಟಿಗೇ ಮುಗಿಸಬೇಕು. ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಂಟು ಎಲುಬುಗಳಲ್ಲಿ ಹೆಚ್ಚಿನವು ಇನ್ನೂ ಮೃದ್ವಸ್ಥಿಯ ಹಂತದಲ್ಲೇ ಇರುತ್ತವೆ, ಬೆರಳುಗಳಿಗೆ ಸಣ್ಣ ಕೆಲಸದ ಹಿಡಿತವೂ ಬಂದಿರುವುದಿಲ್ಲ. ನನ್ನ ಮಗಳು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು, ಹಾಳೆ ಹರಿಯುವಷ್ಟು ಒತ್ತಿ, ಎರಡು ಸಾಲು ಮುಗಿಸುವಷ್ಟರಲ್ಲಿ ಕೈ ಕೊಡವಿಕೊಳ್ಳುತ್ತಿದ್ದಳು. ವಾಟ್ಸ್‌ಆ್ಯಪ್ ಗುಂಪಿಗೆ ಮಾತ್ರ ದಿನವೂ ಉರುಳೆಗಳ ಮುಂದೆ ನಗುತ್ತಿರುವ ಮಕ್ಕಳ ಫೋಟೊ ಬರುತ್ತಿತ್ತು. ಅದನ್ನು ನೋಡಿ ‘ಸೂಪರ್ ಮೇಡಂ’ ಎಂದು ಉತ್ತರಿಸುವ ಪೋಷಕರಿಗೇನೂ ಬರವಿರಲಿಲ್ಲ.

ಮುಖ್ಯೋಪಾಧ್ಯಾಯಿನಿಯವರಲ್ಲಿ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಸಮಾಧಾನದಿಂದಲೇ, “ಬರೆಸದಿದ್ದರೆ ಉಳಿದ ಪೋಷಕರು ಒಪ್ಪುವುದಿಲ್ಲ, ಒಂದನೇ ತರಗತಿಯ ಪ್ರವೇಶಕ್ಕೂ ತೊಂದರೆಯಾಗುತ್ತದೆ” ಎಂದರು. ಅವರ ಇಕ್ಕಟ್ಟು ಸುಳ್ಳಲ್ಲ. ಆದರೆ ಅದನ್ನು ದಾಖಲಾತಿಯ ದಿನವೇ ಹೇಳಿದ್ದರೆ ಒಪ್ಪುವವರು ಒಪ್ಪುತ್ತಿದ್ದರು, ಉಳಿದವರು ಬೇರೆ ಕಡೆ ನೋಡಿಕೊಳ್ಳುತ್ತಿದ್ದರು. ಒಂದು ಪದ್ಧತಿಯ ಹೆಸರಿನಲ್ಲಿ ಶುಲ್ಕ ಪಡೆದು ಇನ್ನೊಂದನ್ನು ಕೊಡುವುದಕ್ಕೆ ಪೋಷಕರ ಒತ್ತಡ ಸಮರ್ಥನೆಯಾಗುವುದಿಲ್ಲ. ಮಾಂಟೆಸೊರಿ ಎಂಬ ಹೆಸರು ಯಾವ ಒಂದು ಸಂಸ್ಥೆಯ ಸ್ವತ್ತೂ ಅಲ್ಲವೆಂದು ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿ 1967ರಲ್ಲೇ ತೀರ್ಮಾನಿಸಿದೆ. ತರಬೇತಿಯೇ ಇಲ್ಲದವರೂ ಆ ಬೋರ್ಡು ಹಾಕಿಕೊಳ್ಳುವಾಗ, ತರಗತಿ ನಡೆಯುತ್ತಿರುವ ಹೊತ್ತಿನಲ್ಲಿ ಮೂಲೆಯಲ್ಲಿ ಕುಳಿತು ನೋಡುವುದೊಂದೇ ಪೋಷಕರಿಗಿರುವ ಪರೀಕ್ಷೆ. ನಾನು ಅದಕ್ಕೂ ಅನುಮತಿ ಕೇಳಿದೆ. ಮಕ್ಕಳ ಗಮನ ಚೆದುರುತ್ತದೆ ಎಂದು ನಿರಾಕರಿಸಿದರು. ಫೋಟೊ ತೆಗೆಯುವಾಗ ಚೆದುರದ ಗಮನ ಅದು.

ಇಷ್ಟಾದರೂ ವರ್ಷ ಮುಗಿಯಲಿ ಎಂದೇ ಇದ್ದೆವು. ಆದರೆ ಮನೆಯಲ್ಲಿ ಬಣ್ಣ ಹಚ್ಚುವಾಗ ಮಗಳು ಪ್ರತಿ ಗೆರೆಗೂ ಕೈ ನಿಲ್ಲಿಸಿ, ನಮ್ಮ ಮುಖ ನೋಡಿ, “ಸರಿನಾ?” ಎಂದು ಕೇಳತೊಡಗಿದಳು. ಶಾಲೆಗೆ ಸೇರುವ ಮುನ್ನ ಅವಳಿಗೆ ಆ ಅಭ್ಯಾಸವಿರಲಿಲ್ಲ. ಅದನ್ನು ಕಂಡ ಮೇಲೆ ಕಾಯುವುದರಲ್ಲಿ ಅರ್ಥ ಕಾಣಲಿಲ್ಲ.

ಬಿಡಿಸುವ ಅರ್ಜಿಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆದರೆ ಸಾಕು ಎಂದು ಕಚೇರಿಯವರು ಸೂಚಿಸಿದರು. ನಾನು ಒಪ್ಪದೆ, ಇಲ್ಲಿ ಬರೆದಿರುವುದನ್ನೇ ಬೇರೆ ಹಾಳೆಯಲ್ಲಿ ಬರೆದು ಅರ್ಜಿಗೆ ಲಗತ್ತಿಸಿ, ಸ್ವೀಕೃತಿಯ ಸಹಿ ಪಡೆದು ಬಂದೆ.