‘ಇ’ ಬ್ಲಾಕಿನ ನೆಲಮಹಡಿಯವರೆಲ್ಲ ಒಂದೇ

ನಮ್ಮ ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕದ ಲೆಕ್ಕವಿಡುವ ತಂತ್ರಾಂಶವನ್ನು ಬರೆದವರು ಕಾರ್ಯದರ್ಶಿಗಳ ಅಳಿಯ. ಪುಕ್ಕಟೆಯಾಗಿ ಬರೆದುಕೊಟ್ಟು ಟೊರೊಂಟೊಗೆ ಹೋದರು. ಪುಕ್ಕಟೆ ಕೆಲಸ, ಅದರಲ್ಲೂ ಅಳಿಯಂದಿರ ಕೆಲಸ; ಅದರಲ್ಲಿ ಐಬಿದೆ ಎನ್ನುವ ಧೈರ್ಯ ಸಂಘದಲ್ಲಿ ಖಜಾಂಚಿಗಳೊಬ್ಬರನ್ನು ಬಿಟ್ಟರೆ ಯಾರಿಗೂ ಇರಲಿಲ್ಲ. ಅವರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಕಾಸು ಕಡಿಮೆ ಬಂದರೆ ಯಾರ ಅಳಿಯನಾದರೇನು ಎನ್ನುವ ಪೈಕಿ.

ಒಂದು ಭಾನುವಾರ ಬೆಳಿಗ್ಗೆ ಪಾಸ್‌ಬುಕ್ಕಿನ ಸಮೇತ ನಮ್ಮ ಮನೆಗೆ ಬಂದರು. “ನೋಡಪ್ಪಾ, ‘ಇ’ ಬ್ಲಾಕಿನ ನೆಲಮಹಡಿಯಲ್ಲಿ ಎಂಟು ಮನೆ. ಬ್ಯಾಂಕಿಗೆ ಬಂದಿರುವುದು ಒಂದು ಮನೆಯ ದುಡ್ಡು. ನಿಮ್ಮ ಕಂಪ್ಯೂಟರು ಎಂಟೂ ಮನೆಗೆ ರಸೀದಿ ಹರಿದಿದೆ. ಇಂಥ ಧಾರಾಳವನ್ನು ನಾನು ನನ್ನ ಸರ್ವಿಸಿನಲ್ಲೇ ಕಂಡಿಲ್ಲ.” ಸಾಫ್ಟ್‌ವೇರ್ ಕೆಲಸದಲ್ಲಿರುವ ಪಾಪಕ್ಕೆ ಜಗತ್ತಿನ ಸಕಲ ಕಂಪ್ಯೂಟರುಗಳೂ ‘ನಿಮ್ಮವು’ ಆಗಿಬಿಡುತ್ತವೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ಕರೆ ನನಗೇ.

ರಸೀದಿ ಪಡೆದ ಏಳು ಮನೆಯವರು ತುಟಿ ಬಿಚ್ಚಿರಲಿಲ್ಲ, ಸಹಜವೇ. ಆದರೆ ಮಗ್ಗುಲಲ್ಲೇ ಇರುವ ‘ಡಿ’ ಬ್ಲಾಕಿನವರಿಗೆ ಮಾತ್ರ ಇಂಥ ಯೋಗ ಯಾವ ತಿಂಗಳೂ ಕೂಡಿಬಂದಿರಲಿಲ್ಲ. ‘ಇ’ ಬ್ಲಾಕಿನವರು ಕಾರ್ಯದರ್ಶಿಗಳ ಕಡೆಯವರು ಎಂಬ ಗುಸುಗುಸು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಲೇ ಶುರುವಾಗಿತ್ತು.

ವಿಷಯದಲ್ಲಿ ರಾಜಕೀಯವೇನೂ ಇರಲಿಲ್ಲ. ನಮ್ಮಲ್ಲಿ ಮನೆ ಸಂಖ್ಯೆ ಬರೆಯುವ ಕ್ರಮ ಹೀಗೆ: ಮೊದಲು ಮಹಡಿ, ಆಮೇಲೆ ಬ್ಲಾಕಿನ ಇಂಗ್ಲಿಷ್ ಅಕ್ಷರ, ಕೊನೆಗೆ ಮನೆ. ನೆಲಮಹಡಿ ಎಂದರೆ ಸೊನ್ನೆ. ಹಾಗಾಗಿ ಬಾಗಿಲ ಮೇಲೆ ‘0ಇ5’, ‘0ಇ7’ ಎಂದು ಹಿತ್ತಾಳೆಯ ಅಕ್ಷರಗಳಿವೆ. ಮನುಷ್ಯರಿಗೆ ಇದು ವಿಳಾಸ. ತಂತ್ರಾಂಶ ಬರೆದಿರುವ ಪಿಎಚ್‌ಪಿ ಭಾಷೆಗೆ ಇದು ವಿಜ್ಞಾನ. ಎರಡು ಅಂಕಿಗಳ ನಡುವೆ ‘ಇ’ ಕಂಡರೆ ಹತ್ತರ ಘಾತ ಎಂದು ಅದು ಓದಿಕೊಳ್ಳುತ್ತದೆ. ಸೊನ್ನೆಯನ್ನು ಹತ್ತರ ಐದನೆಯ ಘಾತದಿಂದ ಗುಣಿಸಿದರೂ ಸೊನ್ನೆ, ಏಳನೆಯ ಘಾತದಿಂದ ಗುಣಿಸಿದರೂ ಸೊನ್ನೆ. ಆದ್ದರಿಂದ ‘0ಇ5’ == ‘0ಇ7’ ಏನು ಎಂದು ಕೇಳಿದರೆ ಪಿಎಚ್‌ಪಿ ಎರಡನೆಯ ಯೋಚನೆಯಿಲ್ಲದೆ ‘ಹೌದು’ ಎನ್ನುತ್ತದೆ. ‘ಡಿ’ಗೆ ಗಣಿತದಲ್ಲಿ ಅಂಥ ಪ್ರಭಾವವಿಲ್ಲವಾದ್ದರಿಂದ ಅವರು ತಿಂಗಳು ತಿಂಗಳು ದುಡ್ಡು ಕಟ್ಟಬೇಕಾಯಿತು.

ಎರಡು ಸಮ ಚಿಹ್ನೆಗಳ ಈ ಸಡಿಲ ಹೋಲಿಕೆ ಹುಟ್ಟಿದ್ದು ದಾಕ್ಷಿಣ್ಯದಿಂದ. ಜಾಲತಾಣದ ಅರ್ಜಿಯಲ್ಲಿ ನೀವು 12 ಎಂದು ತುಂಬಿದರೂ ಅದು ಸರ್ವರ್ ಕಂಪ್ಯೂಟರಿಗೆ ತಲುಪುವುದು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ. ಪಠ್ಯ ‘12’ ಮತ್ತು ಸಂಖ್ಯೆ 12 ಬೇರೆಬೇರೆ ಎಂದು ಹಟ ಹಿಡಿದರೆ ಬರೆಯುವವನಿಗೆ ಕಷ್ಟ, ಹೋಗಲಿ ಪಾಪ ಎಂದು ಭಾಷೆಯೇ ಒಳಗೊಳಗೆ ರೂಪ ಬದಲಿಸಿ ಹೊಂದಿಸಿಕೊಳ್ಳುತ್ತದೆ. 1995ರ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯಲ್ಲೂ ಇದೇ ದಾಕ್ಷಿಣ್ಯವಿದೆ. ಅಲ್ಲಿ ಖಾಲಿ ಪಠ್ಯ ಸೊನ್ನೆಗೆ ಸಮ, ಸೊನ್ನೆ ‘0’ ಎಂಬ ಪಠ್ಯಕ್ಕೆ ಸಮ, ಆದರೆ ಖಾಲಿ ಪಠ್ಯವೂ ‘0’ ಪಠ್ಯವೂ ಸಮವಲ್ಲ. ಮದುವೆ ಮನೆಯಲ್ಲಿ ಇಬ್ಬರೂ ನನಗೆ ನೆಂಟರೇ, ಆದರೆ ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ ಎಂಬಂತೆ. ರೂಪ ಬದಲಿಸದೆ ಇದ್ದದ್ದನ್ನು ಇದ್ದಂತೆ ಹೋಲಿಸುವ, ಮೂರು ಗೆರೆಯ ಕಟ್ಟುನಿಟ್ಟಿನ === ಅಲ್ಲಿನ ಪ್ರಮಾಣಿತ ಗ್ರಂಥಕ್ಕೆ ಸೇರಿದ್ದು 1999ರಲ್ಲಿ.

ಅಳಿಯಂದಿರು ಸೋಮಾರಿ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ತಂತ್ರಾಂಶದ ಒಂದೊಂದು ಭಾಗವನ್ನೂ ಪರೀಕ್ಷಿಸುವ ಯೂನಿಟ್ ಟೆಸ್ಟ್‌ಗಳನ್ನು ಶ್ರದ್ಧೆಯಿಂದ ಬರೆದಿದ್ದರು. ಓಡಿಸಿದೆ. ಪಾಸಾದ ಒಂದೊಂದು ಪರೀಕ್ಷೆಗೆ ಒಂದೊಂದು ಚುಕ್ಕಿಯಂತೆ ಪರದೆಯ ಮೇಲೆ ಸಾಲು ಬೆಳೆಯಿತು, ಕೊನೆಯಲ್ಲಿ ಹಸಿರು ಪಟ್ಟಿ. ‘0ಇ5’ರವರು ಕಟ್ಟಿದರೆ ‘0ಇ5’ಕ್ಕೆ ಜಮೆಯಾಗುತ್ತದೆಯೇ? ಆಗುತ್ತದೆ. ‘3ಬಿ2’ರವರು ಕಟ್ಟಿದರೆ? ಆಗುತ್ತದೆ. ಒಬ್ಬರು ಕಟ್ಟಿದಾಗ ಇನ್ನೊಬ್ಬರಿಗೆ ಜಮೆಯಾಗದೆ ಉಳಿಯುತ್ತದೆಯೇ ಎಂದು ಮಾತ್ರ ಎಲ್ಲೂ ಕೇಳಿರಲಿಲ್ಲ. ಯಾರೂ ಕೇಳುವುದಿಲ್ಲ. ಸಮವಾದದ್ದು ಸಮವೇ ಎಂದು ಪರೀಕ್ಷಿಸುವುದರಲ್ಲಿ ಇರುವ ಸುಖ, ಬೇರೆಯಾದದ್ದು ಬೇರೆಯೇ ಎಂದು ಪರೀಕ್ಷಿಸುವುದರಲ್ಲಿ ಇಲ್ಲ.

ನಾನು ಎಲ್ಲ ಮನೆಗಳನ್ನೂ ಒಂದಕ್ಕೊಂದು ಎದುರಾಬದುರು ನಿಲ್ಲಿಸಿ ‘ಇವರು ಅವರಲ್ಲ ತಾನೆ?’ ಎಂದು ಕೇಳುವ ಪರೀಕ್ಷೆ ಬರೆದೆ. ಹಸಿರು ಮಾಯವಾಗಿ ಕೆಂಪು ಬಂತು. ನೆಲಮಹಡಿಯ ಜೊತೆಗೆ ಹೊಸ ನೆಂಟಸ್ತಿಕೆಯೊಂದೂ ಬಯಲಾಯಿತು. ‘10ಇ1’ ಎಂದರೆ ಹತ್ತು ಹತ್ತಲಿ ನೂರು. ‘1ಇ2’ ಎಂದರೆ ಒಂದನ್ನು ಹತ್ತರ ವರ್ಗದಿಂದ ಗುಣಿಸಿದ್ದು, ಅದೂ ನೂರು. ಅಂದರೆ ಹತ್ತನೆಯ ಮಹಡಿಯ ಮೊದಲ ಮನೆಯೂ ಒಂದನೆಯ ಮಹಡಿಯ ಎರಡನೆಯ ಮನೆಯೂ ಒಂದೇ! ಅವರಿಬ್ಬರೂ ನೀರಿನ ಬಿಲ್ಲಿನ ವಿಚಾರಕ್ಕೆ ಲಿಫ್ಟಿನಲ್ಲಿ ಕೈಕೈ ಮಿಲಾಯಿಸುವ ಹಂತ ತಲುಪಿದವರು ಎನ್ನುವುದು ಪಿಎಚ್‌ಪಿಗೆ ಹೇಗೆ ಗೊತ್ತಾಗಬೇಕು?

ಭಾಷೆಯ ಹೊಸ ಆವೃತ್ತಿ ಹಾಕಿದರೆ ಸರಿಹೋಗುತ್ತದೆ ಎಂದು ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಸಲಹೆ ಕೊಟ್ಟ. 2020ರ ನವೆಂಬರಿನಲ್ಲಿ ಬಂದ ಪಿಎಚ್‌ಪಿ 8 ಈ ವಿಷಯದಲ್ಲಿ ಸ್ವಲ್ಪ ಬುದ್ಧಿ ಕಲಿತಿರುವುದು ನಿಜ. ಅದಕ್ಕೆ ಮುಂಚೆ ಸೊನ್ನೆಯೂ ‘ರಾಮ’ ಎಂಬ ಪಠ್ಯವೂ ಸಮವಾಗಿದ್ದವು, ಈಗ ಅಲ್ಲ. ಆದರೆ ಎರಡೂ ಕಡೆ ಅಂಕಿಯ ವೇಷದ ಪಠ್ಯವಿದ್ದರೆ ಅದು ಇವತ್ತಿಗೂ ಗಣಿತಕ್ಕೇ ಇಳಿಯುತ್ತದೆ.

ಉಳಿದ ದಾರಿ ಮೂರನೆಯ ಗೆರೆ. ಹುಡುಗ ಉತ್ಸಾಹದಿಂದ ಕಂಡಕಂಡಲ್ಲೆಲ್ಲ == ಅನ್ನು === ಮಾಡಿದ. ಮನೆಗಳು ಬೇರೆಯಾದವು. ಪಾರ್ಕಿಂಗ್ ಪರೀಕ್ಷೆಗಳು ಮಾತ್ರ ಸಾಲಾಗಿ ಬಿದ್ದವು. ಪಾರ್ಕಿಂಗ್ ಜಾಗದ ಸಂಖ್ಯೆ ದತ್ತಾಂಶದಲ್ಲಿ 12, ಅರ್ಜಿಯಿಂದ ಬಂದದ್ದು ಪಠ್ಯ ‘12’. ಕಟ್ಟುನಿಟ್ಟಿನ ಕಾನೂನಿನಲ್ಲಿ ಅವೆರಡಕ್ಕೂ ಸಂಬಂಧವೇ ಇಲ್ಲ, ಹಾಗಾಗಿ ನಿವಾಸಿಗಳ ಅಷ್ಟೂ ಕಾರುಗಳು ಅತಿಥಿ ವಾಹನಗಳಾಗಿ ಗಂಟೆಗಿಷ್ಟು ಎಂದು ಶುಲ್ಕಕ್ಕೆ ಗುರಿಯಾದವು. ಪುಣ್ಯಕ್ಕೆ ಪರೀಕ್ಷೆಯಲ್ಲೇ ಸಿಕ್ಕಿತು. ಖಜಾಂಚಿಗಳಿಗೆ ಅದನ್ನು ಸರಿಪಡಿಸಲು ಅಂಥ ಮನಸ್ಸಿರಲಿಲ್ಲ. “ಒಂದು ತಿಂಗಳು ಹಾಗೇ ಇರಲಿ ಬಿಡಪ್ಪಾ” ಎಂದರು. ಅರ್ಜಿಯಿಂದ ಬಂದ ಪಠ್ಯವನ್ನು ಬಾಗಿಲಲ್ಲೇ ಸಂಖ್ಯೆಯಾಗಿ ಬದಲಿಸಿಕೊಂಡು, ಆಮೇಲೆ ಹೋಲಿಸುವಂತೆ ಮಾಡಿದೆವು.

ಇಷ್ಟಾದರೂ ಖಜಾಂಚಿಗಳ ಎಕ್ಸೆಲ್ ಬಗ್ಗಲಿಲ್ಲ. ‘0ಇ5’ ಎಂದು ಒತ್ತಿ ಎಂಟರ್ ಕೊಟ್ಟರೆ ‘0.00ಇ+00’ ಎಂದು ತೋರಿಸಿ ಹಲ್ಲು ಕಿರಿಯುತ್ತಿತ್ತು. ಕಾಲಮ್ಮನ್ನು ಪಠ್ಯವೆಂದು ಮೊದಲೇ ಗುರುತಿಸಿಡಬೇಕು ಎಂದು ಹೇಳಿಕೊಟ್ಟರೂ ಅವರಿಗೆ ನಂಬಿಕೆ ಬರಲಿಲ್ಲ. ಸರ್ವಸದಸ್ಯರ ಸಭೆಯಲ್ಲಿ ‘ಇ’ ಬ್ಲಾಕಿನ ಹೆಸರನ್ನೇ ಬದಲಿಸಬೇಕೆಂದು ಗೊತ್ತುವಳಿ ಮಂಡಿಸಿದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ‘ಮಾರ್ಚ್1’ ಎಂಬ ಮನುಷ್ಯರ ವಂಶವಾಹಿಯನ್ನು ಎಕ್ಸೆಲ್ ದಿನಾಂಕವಾಗಿ ಬದಲಿಸುತ್ತಿದೆಯೆಂದು ವಿಜ್ಞಾನಿಗಳೇ ಸೋತು ಆ ವಂಶವಾಹಿಯ ಹೆಸರನ್ನು ‘ಮಾರ್ಚ್‌ಎಫ್1’ ಎಂದು ಬದಲಿಸಿದ್ದಾರೆ. ವಂಶವಾಹಿಯೇ ತಗ್ಗಿರುವಾಗ ಬ್ಲಾಕು ಯಾವ ಲೆಕ್ಕ?

ಗೊತ್ತುವಳಿ ಪಾಸಾಯಿತು. ಹಿತ್ತಾಳೆಯ ಹೊಸ ಅಕ್ಷರಗಳ ಖರ್ಚನ್ನು ಆಯಾ ಮನೆಯವರೇ ಕೊಡಬೇಕೆಂದೂ ತೀರ್ಮಾನವಾಯಿತು. ಆಗ ‘0ಇ3’ರ ನಿವೃತ್ತ ಮೇಷ್ಟ್ರು ನಿಧಾನವಾಗಿ ಎದ್ದು ನಿಂತು, “ನೆಲಮಹಡಿಯಲ್ಲಿ ಒಬ್ಬರು ಕೊಟ್ಟರೆ ಸಾಕಲ್ಲವೇ?” ಎಂದು ಕೇಳಿದರು.