ಸತ್ಯಾಂಶ: ರಾತ್ರಿಯಿಡೀ ತೆರೆದಿಟ್ಟ ನಲ್ಲಿ ನೀರು ಕಡಲ ಮೀನಿಗೆ ಸುರಕ್ಷಿತವೇ?

ನಲ್ಲಿ ನೀರನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ತೆರೆದಿಟ್ಟು, ಬೆಳಿಗ್ಗೆ ಅಡುಗೆ ಉಪ್ಪು ಬೆರೆಸಿದರೆ ಕಡಲ ಮೀನಿನ ಅಕ್ವೇರಿಯಂಗೆ ಸಾಕು ಎಂಬ ಸಂದೇಶ ಕಾರವಾರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದರಲ್ಲಿ ಸ್ವಲ್ಪ ಮಾತ್ರ ನಿಜ. ಬರಿಯ ಕ್ಲೋರಿನ್ ಗಾಳಿಗೆ ಹಾರಿಹೋಗುವುದುಂಟು. ಆದರೆ ನೀರಿಗೆ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯ ಕೂಡಿದ ಸೋಂಕುನಿವಾರಕ) ಬೆರೆಸಿದ್ದರೆ ಅದು ದಿನಗಟ್ಟಲೆ ಉಳಿಯುತ್ತದೆ, ಕ್ಲೋರಿನ್ ತೆಗೆಯುವ ರಾಸಾಯನಿಕವಾದ ಸೋಡಿಯಂ ಥಯೋಸಲ್ಫೇಟ್ ಹಾಕಿ ಅದನ್ನು ಒಡೆದರೂ ಮೀನಿನ ಕಿವಿರುಗಳನ್ನು ಘಾಸಿಗೊಳಿಸುವ ಅಮೋನಿಯ ನೀರಿನಲ್ಲೇ ಉಳಿದುಬಿಡುತ್ತದೆ. ಕೊಳವೆಯಿಂದ ಬಂದ ತಾಮ್ರವಂತೂ ಎಷ್ಟು ದಿನ ಇಟ್ಟರೂ ಹೋಗದು. ಹವಳ, ಸೀಗಡಿಗಳಿಗೆ ಅದು ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಆದ್ದರಿಂದ ಆರ್‌ಓ (ರಿವರ್ಸ್ ಆಸ್ಮೋಸಿಸ್) ಯಂತ್ರದಲ್ಲಿ ಶುದ್ಧೀಕರಿಸಿದ ನೀರಿಗೆ ಅಕ್ವೇರಿಯಂ ಅಂಗಡಿಯ ಸಮುದ್ರ ಉಪ್ಪಿನ ಮಿಶ್ರಣವನ್ನೇ ಬೆರೆಸಿ, ನೀರಿನ ಸಾಪೇಕ್ಷ ಸಾಂದ್ರತೆ ಅಳೆದು ಉಪ್ಪಿನಂಶ ತಿಳಿಸುವ ಹೈಡ್ರೋಮೀಟರಿನಲ್ಲಿ ಸುಮಾರು 1.025 ಬರುವಂತೆ ನೋಡಿಕೊಳ್ಳಬೇಕು. ಅಡುಗೆ ಉಪ್ಪಿನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಕಾಳಿ ನದಿಯ ಅಳಿವೆಯಿಂದ ನೀರು ತರುವುದೂ ಬೇಡ, ಮಳೆಗಾಲದಲ್ಲಿ ಅಲ್ಲಿ ಉಪ್ಪಿನಂಶ ತೀರಾ ಇಳಿದಿರುತ್ತದೆ.