ಟರ್ಬೊ ಗಾಡಿಗೆ ಎಥನಾಲ್: ಮೊದಲ ಅಳೀರಿ, ಆಮ್ಯಾಲ ಟ್ಯೂನ್ ಮಾಡಸ್ರಿ

ಹುಬ್ಬಳ್ಳಿ-ಧಾರವಾಡದಾಗ ಸ್ಟೇಜ್ 1 ಟ್ಯೂನ್ (ಬಿಡಿಭಾಗ ಬದಲಿಸದ, ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಸೋದು) ಆದ ಪೋಲೊ, ವರ್ಟಸ್ ಕಾರು ಈಗ ಓಣಿಗೊಂದು ಅದಾವ. ಮ್ಯಾಪಿಗೆ, ಅಂದ್ರ ಆ ಸಾಫ್ಟ್‌ವೇರಿಗೆ, ಸಾವಿರಗಟ್ಟಲೆ ರೊಕ್ಕ ಸುರಿಯೋ ಮಂದಿ ಟ್ಯಾಂಕಿನ್ಯಾಗ ಏನೈತಿ ಅಂತ ಒಮ್ಮೆನೂ ನೋಡಂಗಿಲ್ಲ.

ಎಲ್ಲಾಕ್ಕಿಂತ ದಂಡ ಅಂದ್ರ ಇ20 (ನೂರಕ್ಕ 20 ಪಾಲು ಎಥನಾಲ್ ಕೂಡಿದ ಪೆಟ್ರೋಲ್) ಮ್ಯಾಲ ಒಂದೀಟು 100 ಆಕ್ಟೇನ್ ಪೆಟ್ರೋಲ್ ಸುರಿಯೋ ಚಟ. ಆಕ್ಟೇನ್ ಅಂದ್ರ ನಾಕಿಂಗ್, ಅಂದ್ರ ಇಂಧನ ಸಿಲಿಂಡರಿನ್ಯಾಗ ತಾನಾಗೇ ಸಿಡಿದು ಬಡಿಯೋದನ್ನ, ತಾಳೋ ಅಳತಿ. ಲೆಕ್ಕ ಹಾಕ್ರಿ. ನಮ್ಮ ಇ20 ಪೆಟ್ರೋಲಿನ ಆಕ್ಟೇನ್ 95. ಅದು 20 ಲೀಟರ್ ಇದ್ದಾಗ ಎಥನಾಲ್ ಇಲ್ಲದ 100 ಆಕ್ಟೇನ್ 10 ಲೀಟರ್ ಹಾಕಿದ್ರ ಸಿಗೋದು ಹೆಚ್ಚು ಕಡಿಮಿ 96.7. ಎಥನಾಲ್ ಮಾತ್ರ ನೂರಕ್ಕ 20ರಿಂದ 13ಕ್ಕ ಇಳೀತು. ಎಥನಾಲ್ ಆವಿ ಆಗುವಾಗ ಪೆಟ್ರೋಲಿಗಿಂತ ದುಪ್ಪಟ್ಟಿಗೂ ಮಿಕ್ಕಿ ಶಾಖ ಹೀರತೈತಿ. ಟರ್ಬೊ ಎಂಜಿನ್ನಿನ್ಯಾಗ ನಾಕಿಂಗ್ ತಡೆಯಾಕ ಆ ತಂಪೂ ಬೇಕು. ರೊಕ್ಕ ಕೊಟ್ಟು ಅದನ್ನ ಕಳಕೊಂಡಂಗಾತು! ಮ್ಯಾಪ್ ಯಾವ ಇಂಧನಕ್ಕ ಬರಸೀರಿ, ಅದನ್ನ ಹಾಕ್ರಿ. ಕಂಪನಿ ಕೊಟ್ಟ ಸ್ಟಾಕ್ ಮ್ಯಾಪಿನ ಗಾಡಿಗಂತೂ 100 ಆಕ್ಟೇನ್ ಸುಮ್ಮನ ಖರ್ಚು.

ಎಥನಾಲ್ ಅಳಿಯೋದು ಅಗದಿ ಸುಲಭ. 100 ಎಂಎಲ್ ಅಳತಿ ಸಿಲಿಂಡರಿನ್ಯಾಗ 10 ಎಂಎಲ್ ನೀರು, 90 ಎಂಎಲ್ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಕುಲುಕ್ರಿ. ಒಮ್ಮೆ ಮುಚ್ಚಳ ತೆಗೆದು ಆವಿ ಬಿಟ್ಟು, ಹತ್ತು ಹದಿನೈದು ನಿಮಿಷ ಇಡ್ರಿ. ಎಥನಾಲ್ ನೀರಿನ ಜೋಡಿ ಕೆಳಗ ಇಳೀತೈತಿ. ಕೆಳಗಿನ ನೀರು, ಮ್ಯಾಲಿನ ಪೆಟ್ರೋಲ್ ಕೂಡೋ ಗೆರಿ 28ರ ಹತ್ರ ಇದ್ರ ಇ20. 37 ಅಂದ್ರ ಇ30. 10ರಾಗ ನಿಂತ್ರ ಎಥನಾಲ್ ಇಲ್ಲ. ನೀರಿಗೆ ಒಂದು ಹನಿ ಅಡಗಿ ಬಣ್ಣ ಹಾಕಿದ್ರ ಗೆರಿ ಚಂದ ಕಾಣತೈತಿ. ಬೆಂಕಿ, ಸಿಗರೇಟು ದೂರ ಇರಲಿ. ಅಳದ ಪೆಟ್ರೋಲ್ ತಿರುಗಿ ಟ್ಯಾಂಕಿಗೆ ಹಾಕಬ್ಯಾಡ್ರಿ, ಅದರಾಗ ನೀರು ಇರತೈತಿ.

ತಂಪು ಇನ್ನೂ ಹೆಚ್ಚಿರೋ ಇ30 ಬೇಕಂದ್ರ? 20 ಲೀಟರ್ ಇ20ಗೆ ನೀರಿಲ್ಲದ ಶುದ್ಧ ಎಥನಾಲ್ 2.9 ಲೀಟರ್. ಕ್ಯಾನಿನ್ಯಾಗ "ಸ್ಪಿರಿಟ್" ಅಂತ ಸಿಗೋದು ಇದಲ್ಲ. ರೆಕ್ಟಿಫೈಡ್ ಸ್ಪಿರಿಟಿನ್ಯಾಗ ನೂರಕ್ಕ ಸುಮಾರು ಐದು ನೀರಿರತೈತಿ. ನೀರು ಹೆಚ್ಚಾದಾಗ ಅದು ಎಥನಾಲನ್ನೂ ಎಳಕೊಂಡು ತಳಕ್ಕ ಕೂರತೈತಿ, ಮ್ಯಾಲ ಉಳದ ಪೆಟ್ರೋಲಿನ ಆಕ್ಟೇನ್ ಬೀಳತೈತಿ, ಪಂಪ್ ತಳದಿಂದ ನೀರನ್ನ ಮೊದಲ ಎಳೀತೈತಿ. ಪೇಂಟ್ ಅಂಗಡಿ ಥಿನ್ನರ್ ಇನ್ನೂ ಕೆಟ್ಟ. ಥಿನ್ನರಿನ್ಯಾಗಿನ ಟೊಲ್ವೀನ್ ಆಕ್ಟೇನ್ ಏರಸೋದು ಖರೆ, ಆದ್ರ ಅದರ ಜೋಡಿ ಬರೋ ಅಸಿಟೋನು ರಬ್ಬರ್ ಸೀಲ್ ತಿಂತೈತಿ.

ಎಥನಾಲ್ ಏರಿದಂಗ ಇಂಧನ ಹೆಚ್ಚು ಹೋಗಬೇಕು, ಲೀಟರಿಗೆ ಅದರ ಶಕ್ತಿ ಪೆಟ್ರೋಲಿನ ಮೂರರಾಗ ಎರಡು ಪಾಲು ಅಷ್ಟ. ಇ20 ಬಿಟ್ಟು ಇ85ಗೆ ಹೋದ್ರ ಮೂರರಾಗೊಂದು ಪಾಲು ಹೆಚ್ಚು ಬೇಕು. ಡೈರೆಕ್ಟ್ ಇಂಜೆಕ್ಷನ್ (ಸಿಲಿಂಡರಿನೊಳಗ ನೇರ ಇಂಧನ ಚಿಮ್ಮಿಸೋ) ಗಾಡಿಯಾಗ ಮೊದಲು ಸೋಲೋದು ಹೈ ಪ್ರೆಶರ್ ಪಂಪ್. ಪಂಪ್, ಇಂಜೆಕ್ಟರ್ ಬದಲಿ ಮಾಡದ ಇ30 ದಾಟಬ್ಯಾಡ್ರಿ ಅನ್ನೋದು ನನ್ನ ಮಾತು. ಮೊದಲ ಸಲ ಹೆಚ್ಚಿನ ಎಥನಾಲ್ ಹಾಕಿದ ಮ್ಯಾಲ ಹಳೇ ಟ್ಯಾಂಕಿನ ಕಸ ಬಿಚ್ಚಿ ಫಿಲ್ಟರ್ ಕಟ್ಟತೈತಿ, ಅದನ್ನೂ ಬದಲಿ ಮಾಡ್ರಿ.

ಹೊಸ ಇಂಧನ ಹಾಕಿದ ಕೂಡಲೇ ಆಕ್ಸಿಲರೇಟರ್ ಒತ್ತಿ ತುಳೀಬ್ಯಾಡ್ರಿ. ಹದಿನೈದು ನಿಮಿಷ ಸಾವಕಾಶ ಓಡಸ್ರಿ, ಪೈಪಿನ್ಯಾಗಿನ ಹಳೇ ಪೆಟ್ರೋಲ್ ಖಾಲಿ ಆಗಲಿ, ಫ್ಯೂಯೆಲ್ ಟ್ರಿಮ್ (ಕಂಪ್ಯೂಟರ್ ಮಾಡೋ ಇಂಧನದ ಹೊಂದಾಣಿಕಿ) ಕೂಡ್ಲಿ. ಆಮ್ಯಾಲ ಟ್ರಾಫಿಕ್ ಇಲ್ಲದ ಜಾಗಾದಾಗ, ವೇಗದ ಮಿತಿಯೊಳಗ, ಮೂರನೇ ಗೇರಿನ್ಯಾಗ ಲಾಗ್ (ಎಂಜಿನ್ ಕಂಪ್ಯೂಟರಿನ ಅಳತಿ ದಾಖಲೆ) ತಗೋರಿ. ನೋಡಬೇಕಾದ್ದು ರೇಲ್ ಪ್ರೆಶರ್ (ಇಂಜೆಕ್ಟರಿಗೆ ಹೋಗೋ ಇಂಧನದ ಒತ್ತಡ) ಕಂಪ್ಯೂಟರ್ ಕೇಳಿದಷ್ಟು ಬರಾಕತ್ತೈತೇನು, ನಾಕಿಂಗ್ ಆಗಿ ಒಂದೊಂದು ಸಿಲಿಂಡರಿನ ಟೈಮಿಂಗ್ (ಕಿಡಿ ಹೊಡಿಯೋ ಹೊತ್ತು) ಎಷ್ಟು ಹಿಂದ ಸರೀತು. ಮೂರು ಡಿಗ್ರಿಗಿಂತ ಹೆಚ್ಚು ಸರದ್ರ ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಒತ್ತಡ) ಇಳಸ್ರಿ. ಡಿಸೆಂಬರಿನ ಮುಂಜಾನಿ ಲಾಗ್ ತೋರಿಸಿ ಬೀಗಬ್ಯಾಡ್ರಿ. ಏಪ್ರಿಲ್ ಮಧ್ಯಾಹ್ನ ಅಂಕೋಲಾ ಕಡೆಯಿಂದ ಅರಬೈಲ್ ಘಾಟ್ ಏರುವಾಗ ಟರ್ಬೊ ಗಾಳಿ ತಂಪು ಮಾಡೋ ಇಂಟರ್‌ಕೂಲರ್ ಕಾದಿರತೈತಿ, ಆವಾಗಿನ ಲಾಗ್ ತಗೊಂಡು ಟ್ಯೂನರ್ ಕಡೆ ಹೋಗ್ರಿ.